ಮಂಡಕಳ್ಳಿ ರನ್‌ವೇ ಉದ್ದವಾಗುವುದೆಂದು?

ಮಾನ್ಯರೇ,

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ವಿಸ್ತರಣೆಯ ಮಾತು ವರ್ಷಗಳಿಂದ ಕೇಳಿಬರುತ್ತಿದ್ದರೂ ನಿಲ್ದಾಣ ಇನ್ನೂ ಸಣ್ಣ ವಿಮಾನಗಳಿಗಷ್ಟೇ ಸೀಮಿತವಾಗಿದೆ. 1,740 ಮೀಟರ್ ಉದ್ದದ ಈ ರನ್‌ವೇ ಎಟಿಆರ್‌ ಎಂಬ ಸಣ್ಣ ಪ್ರಯಾಣಿಕ ವಿಮಾನಕ್ಕೆ ಸಾಕು. ಏರ್‌ಬಸ್, ಬೋಯಿಂಗ್‌ಗಳ ನಿತ್ಯ ಸಂಚಾರಕ್ಕೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿ, ರೈಲು ಹಳಿ ಅಡ್ಡ.

ಹಾಗಾಗಿ ದುಬೈನಲ್ಲಿರುವ ಮಗಳ ಮನೆಗೆ ಹೊರಟ ನಮಗೆ ದೇವನಹಳ್ಳಿಯೇ ಗತಿ. ಬೆಳಗಿನ ಜಾವದ ವಿಮಾನಕ್ಕೆ ಹಿಂದಿನ ಸಂಜೆಯೇ ಫ್ಲೈಬಸ್ ಹತ್ತಿದೆವು. ಬುತ್ತಿ ಕಟ್ಟಿಕೊಂಡಿದ್ದ ಚಪಾತಿ ತಿಂದು, ನಿಲ್ದಾಣದ ಕುರ್ಚಿಯಲ್ಲೇ ತೂಕಡಿಸಿದ್ದಾಯಿತು. ಆಕಾಶದಲ್ಲಿ ಕಳೆದದ್ದು ಸುಮಾರು ನಾಲ್ಕು ಗಂಟೆ, ನೆಲದ ಮೇಲೆ ಅದರ ಎರಡರಷ್ಟು! ದಶಪಥ ರಸ್ತೆ ಬಂದ ಮೇಲೆ ಕೆಂಗೇರಿಯವರೆಗೆ ಸಲೀಸು, ನಿಜ. ಅಲ್ಲಿಂದಾಚೆ ಬೆಂಗಳೂರು ದಾಟುವುದೇ ಹರಸಾಹಸ. ಮಂಡಕಳ್ಳಿಯಲ್ಲಿ ದೊಡ್ಡ ವಿಮಾನ ಇಳಿದರೆ ಚಾಮರಾಜನಗರ, ಮಂಡ್ಯ, ಕೊಡಗಿನವರಿಗೂ ಈ ಸುತ್ತು ತಪ್ಪುತ್ತದೆ. ದಸರಾ ಪ್ರವಾಸಿಗರ ಮಾತು ಬೇರೆ ಹೇಳಬೇಕಿಲ್ಲ.

ಹೆದ್ದಾರಿಯನ್ನು ರನ್‌ವೇ ಅಡಿಯಲ್ಲಿ ಒಯ್ಯುವುದೋ, ಬಳಸಿಕೊಂಡು ಹೋಗುವಂತೆ ತಿರುಗಿಸುವುದೋ ಎಂಬುದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಒಟ್ಟಿಗೆ ಕುಳಿತು ಇತ್ಯರ್ಥಪಡಿಸಲಿ. ಯಾವ ಕೆಲಸ ಯಾವ ತಿಂಗಳಿಗೆ ಮುಗಿಯುತ್ತದೆ ಎಂಬ ವೇಳಾಪಟ್ಟಿಯನ್ನು ಸಾರ್ವಜನಿಕರ ಮುಂದಿಡಲಿ.

– ಹಿರಿಯ ನಾಗರಿಕ, ಕುವೆಂಪುನಗರ, ಮೈಸೂರು