ಸೂಜಿ ಎಲ್ಲಿ ಹೋಯಿತು?

ಮಗೂ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅದರ ಜೊತೆಗಿಟ್ಟ ಕಾಗದವನ್ನು ಇನ್ನೂ ಹೆಚ್ಚು ಸಲ ಓದಿದೆ. 'ನನಗೆ ಇಪ್ಪತ್ತಾರು ತುಂಬಿತು, ನನ್ನ ಜೊತೆಯವರದ್ದೆಲ್ಲ ಎರಡೆರಡು ಪುಸ್ತಕ ಬಂದಾಯಿತು, ನಾನು ಹಿಂದೆ ಬಿದ್ದೆ' ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಮೊದಲು ಸಂಕಟವಾಯಿತು, ಆಮೇಲೆ ಸಿಟ್ಟು ಬಂತು. ಯಾರ ಹಿಂದೆ ಬಿದ್ದೆ? ಇಪ್ಪತ್ತಾರಕ್ಕೆ ಹೊತ್ತು ಮೀರಿತೆಂದು ನಿನಗೆ ಹೇಳಿದವರು ಯಾರು?

ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು, ಅಧ್ಯಾಯಗಳಿಗೆ ಹೆಸರು ಬೇಕೇ ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ಅವಸರ. ಅದು ಕಾಗದದಲ್ಲಷ್ಟೇ ಅಲ್ಲ, ಕಾದಂಬರಿಯ ಪುಟಗಳಲ್ಲೂ ಇದೆ.

137ನೇ ಪುಟ ತೆಗೆದು ನೋಡು. ತಾಯಿ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಮೂರು ಸಲ ತಪ್ಪುತ್ತದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳೆ, 'ಕೊಡಮ್ಮ ಇಲ್ಲಿ' ಎನ್ನುವುದಿಲ್ಲ. ಅಂದುಬಿಟ್ಟರೆ ಅಮ್ಮನ ಕಣ್ಣು ಮಂಜಾಗಿದೆಯೆಂದು ಇಬ್ಬರೂ ಒಪ್ಪಿಕೊಂಡಂತೆ. ಮಗೂ, ಈ ಒಂದೂವರೆ ಪುಟಕ್ಕಾಗಿ ನಿನ್ನ ತಲೆ ಸವರಬೇಕೆನ್ನಿಸಿತು. ಅದೇ ತಾಯಿ 311ನೇ ಪುಟದಲ್ಲಿ ನಾಲ್ಕೇ ಸಾಲಿಗೆ ತೀರಿಕೊಳ್ಳುತ್ತಾಳೆ. ಐದನೇ ಸಾಲಿಗೆ ಮಗಳು ರೈಲು ಹತ್ತಿಯಾಗಿದೆ. ಆ ಹೊತ್ತಿಗೆ ನೀನು ದಣಿದಿದ್ದೆ, ಒಮ್ಮೆ ಮುಗಿದರೆ ಸಾಕಾಗಿತ್ತು.

ನನಗಿದು ತಟ್ಟನೆ ತಿಳಿದದ್ದು ನಾನೂ ಅದನ್ನೇ ಮಾಡಿದ್ದರಿಂದ. ನನ್ನ ಮೊದಲ ಪುಸ್ತಕವನ್ನು ನಾಲ್ಕು ಜನ ಹೊಗಳಿದರು. ಕಂಡಲ್ಲೆಲ್ಲ 'ಮುಂದಿನದು ಯಾವಾಗ?' ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ಹೇಳಲು ನನ್ನಲ್ಲಿ ಏನೂ ಇರಲಿಲ್ಲ, ಆದರೆ ಅದನ್ನು ಹೇಳುವ ಧೈರ್ಯವೂ ಇರಲಿಲ್ಲ. ಪ್ರಕಾಶಕರೊಬ್ಬರು ಒಂದು ತಾರೀಖು ಕೊಟ್ಟರು, ನಾನು ಹೂಂ ಅಂದೆ. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ಅವರ ಪಕ್ಕದಲ್ಲೇ ಕೂತು ನಾಲ್ಕು ತಿಂಗಳಲ್ಲಿ ಬರೆದು ಮುಗಿಸಿದೆ. ಬರೆದದ್ದು ಅಪ್ಪನ ಬದುಕನ್ನೇ. ಒಂದು ಮಧ್ಯಾಹ್ನ ಅವರು 'ಇನ್ನೂ ಮುಗೀಲಿಲ್ವೇನಮ್ಮ?' ಎಂದು ಕೇಳಿದರು. ಕರಡು ತಿದ್ದುತ್ತಿದ್ದವಳು ತಲೆ ಎತ್ತದೆ 'ಇನ್ನೆರಡು ದಿನ' ಅಂದೆ. ಅವರಿಗೆ ಏನೋ ಹೇಳುವುದಿತ್ತು. ಅದೇನೆಂದು ನನಗೆ ಇವತ್ತಿಗೂ ತಿಳಿಯದು. ಪುಸ್ತಕ ಹೇಳಿದ ತಾರೀಖಿಗೆ ಬಂತು, ವರ್ಷ ತುಂಬುವುದರೊಳಗೆ ಎಲ್ಲರೂ ಮರೆತರು. ಆಮೇಲೆ ಆರು ವರ್ಷ ನನ್ನ ಕೈಯಿಂದ ಒಂದು ಸಾಲೂ ಹೊರಡಲಿಲ್ಲ. ಅಪ್ಪನ ಬದುಕನ್ನು ಇನ್ನೊಮ್ಮೆ ಬರೆಯಲು ಕೂತಾಗಲೆಲ್ಲ ಆ ಕೆಟ್ಟ ಪುಸ್ತಕದ ಮಾತುಗಳೇ ಅಡ್ಡ ಬರುತ್ತವೆ.

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಿನಗೆ ಹೇಳುತ್ತಿಲ್ಲ. ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಅದನ್ನು ಬಳಸಿದ್ದು ಸಾಕಷ್ಟು ಕೇಳಿದ್ದೇನೆ. ನನ್ನ ಮನಸ್ಸಿನಲ್ಲಿರುವ ತಾಳ್ಮೆ ಬೇರೆ. ಡಾರ್ವಿನ್‌ನನ್ನೇ ನೋಡು. ತನ್ನ ಜೀವವಿಕಾಸ ಸಿದ್ಧಾಂತದ ಕರಡನ್ನು ಅವನು 1842ರಲ್ಲೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದ, 1844ರಲ್ಲಿ ಅದನ್ನು ಬೆಳೆಸಿದ್ದ. ಆಮೇಲೆ 1846ರಿಂದ 1854ರವರೆಗೆ, ಎಂಟು ವರ್ಷ, ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಸಣ್ಣ ಜೀವಿಗಳನ್ನು ಕೊಯ್ದು ನೋಡುತ್ತ ಕೂತ. ಆರೋಗ್ಯ ಸರಿಯಿರಲಿಲ್ಲ, ದಿನಕ್ಕೆ ಕೆಲವೇ ತಾಸು ಕೆಲಸ. 1858ರಲ್ಲಿ ವ್ಯಾಲೇಸ್ ಎಂಬ ಇನ್ನೊಬ್ಬ ವಿಜ್ಞಾನಿ ಅದೇ ವಿಚಾರವನ್ನು ಬರೆದು ಕಳಿಸಿದಾಗ ಡಾರ್ವಿನ್‌ಗೂ ಅವಸರ ಮಾಡಬೇಕಾಯಿತು. ಮರುವರ್ಷವೇ ಪುಸ್ತಕ ಹೊರಬಂತು, ಗಟ್ಟಿಯಾಗಿಯೇ ಬಂತು. ಅಷ್ಟು ವರ್ಷ ಕೂಡಿಟ್ಟದ್ದು ಕೈಯಲ್ಲಿತ್ತು. ನಾನು ಅವಸರ ಮಾಡಿದಾಗ ನನ್ನ ಕೈ ಬರಿದಾಗಿತ್ತು.

ನಮ್ಮ ಕುವೆಂಪು ಅವರ ಮೊದಲ ಕಾದಂಬರಿ ಬಂದದ್ದು 1936ರಲ್ಲಿ, ಎರಡನೆಯದು 1967ರಲ್ಲಿ. ನಡುವೆ ಮೂವತ್ತೊಂದು ವರ್ಷ. ಆ ಅವಧಿಯಲ್ಲಿ ಅವರು ಸುಮ್ಮನಿರಲಿಲ್ಲ, ಒಂದು ಮಹಾಕಾವ್ಯವನ್ನೇ ಬರೆದರು. ಆದರೆ ಎರಡನೆಯ ಕಾದಂಬರಿಯನ್ನು ಅದರ ಕಾಲ ಬರುವವರೆಗೆ ಎಳೆದು ತರಲಿಲ್ಲ.

ನೀನು ರಾತ್ರಿ ಎರಡರವರೆಗೆ ಬರೆದು, ಬೆಳಿಗ್ಗೆ ಕೆಲಸಕ್ಕೆ ಓಡುತ್ತೀಯಂತೆ. ಅದನ್ನು ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಅದು ಬೇಸರ ತಂದಿತು. ಇನ್ನೂ ನಲವತ್ತು ವರ್ಷ ಬರೆಯಬೇಕಾದ ಕೈ ಅದು. ದಿನಕ್ಕೊಂದು ಪುಟ ಬರೆ, ಬರದ ದಿನ ಅರ್ಧ ಪುಟ. ನಾಳೆಯ ಮೊದಲ ಸಾಲು ಹೊಳೆದ ಕೂಡಲೇ ಪೆನ್ನು ಮುಚ್ಚಿ ಎದ್ದುಬಿಡು. ಮನೆಯಲ್ಲಿ ಯಾರಾದರೂ ಕರೆದರೆ ತಲೆ ಎತ್ತು. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ.

ಜೊತೆಯವರ ಪುಸ್ತಕ ಬಂದರೆ ಕೊಂಡು ಓದು, ಇಷ್ಟವಾದರೆ ಹಾಗೆಂದು ಬರೆದು ತಿಳಿಸು. ಅದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡ.

ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಪೆನ್ಸಿಲ್ಲಿನ ಗುರುತು ಒಂದೇ ಕಡೆ ಹಾಕಿದ್ದೇನೆ, 311ನೇ ಪುಟದ ಅಂಚಿನಲ್ಲಿ. ಆ ತಾಯಿ ಕಣ್ಣು ಮುಚ್ಚಿದ ದಿನ ಸೂಜಿ ಎಲ್ಲಿತ್ತು, ಅದರಲ್ಲಿ ದಾರ ಇತ್ತೇ, ಮಗಳ ಕೈಗೆ ಅದು ಸಿಕ್ಕಿತೇ? ನನಗೆ ತಿಳಿಯಬೇಕು. ಈ ವರ್ಷವೇ ಬರೆದು ಕಳಿಸಬೇಕೆಂದೇನೂ ಇಲ್ಲ.

ನಿನ್ನ,
ಅಮ್ಮನ ವಯಸ್ಸಿನ ಓದುಗಾರ್ತಿ