ಹಬ್ಬದ ಊಟವಲ್ಲ, ಬೇಡಿಕೆ ಪಟ್ಟಿ ಓದಿಸಿ

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಓದುವ ಕನ್ನಡಿಗರ ಮಕ್ಕಳಿಗೆ ‘ಎಥ್ನಿಕ್ ಸ್ಟಡೀಸ್’, ಅಂದರೆ ಅಲ್ಲಿನ ಬಿಳಿಯರಲ್ಲದ ಸಮುದಾಯಗಳ ಅಧ್ಯಯನ, ಎಂಬ ಪಾಠ ಈಗ ಹೊಸದಲ್ಲ. ಹೈಸ್ಕೂಲು ಮುಗಿಸಲು ಒಂದು ಸೆಮಿಸ್ಟರ್ ಈ ವಿಷಯ ಓದಿರಬೇಕೆಂಬ ಕಾಯ್ದೆಗೆ ಅಲ್ಲಿನ ಗವರ್ನರ್ 2021ರ ಅಕ್ಟೋಬರಿನಲ್ಲಿ ಸಹಿ ಹಾಕಿದರು. ಸರ್ಕಾರ ಹಣ ಕೊಟ್ಟರೆ ಮಾತ್ರ ಅದು ಕಡ್ಡಾಯ. ಹಾಗಿದ್ದರೂ ಅನೇಕ ಶಾಲೆಗಳು ತಾವಾಗಿಯೇ ಕಲಿಸುತ್ತಿವೆ. ಇತ್ತ ಬೆಂಗಳೂರಿನಲ್ಲೂ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಶಾಲೆಗಳ ಇತಿಹಾಸ ವಿಭಾಗದಲ್ಲಿ ಅಮೆರಿಕ ಖಂಡಗಳ ಭಾಗವನ್ನು ಆರಿಸಿಕೊಂಡವರಿಗೆ 1945ರ ನಂತರದ ನಾಗರಿಕ ಹಕ್ಕುಗಳ ಅಧ್ಯಾಯ ಎದುರಾಗುತ್ತದೆ. ಅದರಲ್ಲಿ ಲ್ಯಾಟಿನ್ ಅಮೆರಿಕ ಮೂಲದವರ, ಅಂದರೆ ಲ್ಯಾಟಿನೊಗಳ ಚಳವಳಿಯೂ ಇದೆ, ಯುವಜನರ ಪ್ರತಿಭಟನೆಯೂ ಇದೆ. ಎರಡೂ ಕಡೆ ಪೋಷಕರು ಕೇಳುವ ಪ್ರಶ್ನೆ ಒಂದೇ: ಬೇರೆಯವರ ಇತಿಹಾಸ ನಮ್ಮ ಮಕ್ಕಳಿಗೇಕೆ?

ಪ್ರಶ್ನೆ ತಪ್ಪಲ್ಲ. ಪಾಠ ಸಾಗುವ ರೀತಿ ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಒಂದು ದಿನ ಟಾಕೊ ಊಟ, ಗೋಡೆಗೆ ಬಣ್ಣದ ಕಾಗದದ ತೋರಣ, ಕೃಷಿ ಕೂಲಿಗಳ ನಾಯಕ ಸೀಸರ್ ಚಾವೇಜ್ ಚಿತ್ರದ ಕೆಳಗೆ ‘ಅಮೆರಿಕದ ಗಾಂಧಿ’ ಎಂಬ ಸಾಲು, ಕೊನೆಗೊಂದು ಸಿನಿಮಾ. ಹದಿನಾರು ವರ್ಷದ ಹುಡುಗಿಗೆ ಇದರಲ್ಲಿ ಯೋಚಿಸಲು ಏನಿದೆ? ಚಾವೇಜ್ ಗಾಂಧೀಜಿಯನ್ನು ಮೆಚ್ಚಿದ್ದು ನಿಜ, 1968ರಲ್ಲಿ 25 ದಿನ ಉಪವಾಸ ಕೂತದ್ದೂ ನಿಜ. ಆದರೆ ಕ್ಯಾಲಿಫೋರ್ನಿಯಾದ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ 1965ರ ಸೆಪ್ಟೆಂಬರ್ 8ರಂದು ಮುಷ್ಕರ ಶುರುಮಾಡಿದವರು ಲ್ಯಾರಿ ಇಟ್ಲಿಯಾಂಗ್ ನೇತೃತ್ವದ ಫಿಲಿಪಿನೊ ಕೂಲಿಗಳು. ಚಾವೇಜ್ ಅವರ ಸಂಘ ಮುಷ್ಕರಕ್ಕೆ ಸೇರಿಕೊಂಡದ್ದು ವಾರದ ನಂತರ. ನಮ್ಮ ಕಡೆಯ ಶಿಕ್ಷಕರಿಗೆ ಗಾಂಧಿ ಹೆಸರು ಸಿಕ್ಕಿದೊಡನೆ ಹಾದಿ ಸಲೀಸಾಗುತ್ತದೆ, ಆದರೆ ಆ ಹಾದಿಯಲ್ಲಿ ಹದಿಹರೆಯದವರು ಯಾರೂ ಕಾಣುವುದಿಲ್ಲ.

ನಮ್ಮ ಸಲಹೆ ಇಷ್ಟೇ: ಲ್ಯಾಟಿನೊ ಯುವಜನರ ಚಳವಳಿಯ ಪಾಠವನ್ನು ನಾಯಕರ ಸುತ್ತ ಕಟ್ಟದೆ, 1968ರಲ್ಲಿ ಲಾಸ್ ಏಂಜಲೀಸ್‌ನ ಹೈಸ್ಕೂಲು ಮಕ್ಕಳು ಮುಂದಿಟ್ಟ ಬೇಡಿಕೆ ಪಟ್ಟಿಯ ಸುತ್ತ ಕಟ್ಟಿ. 45 ನಿಮಿಷದ ಆರು ಪೀರಿಯಡ್ ಇದ್ದರೆ ಸಾಕು.

ಮೊದಲ ಪೀರಿಯಡ್‌ಗೆ ಬೇಕಾದ್ದು ಒಂದು ಭೂಪಟ ಮತ್ತು ಮೂರು ಇಸವಿ. 1848ರಲ್ಲಿ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊದ ಉತ್ತರ ಭಾಗ ಅಮೆರಿಕದ ಪಾಲಾಯಿತು. 1898ರಲ್ಲಿ ಸ್ಪೇನ್ ಜತೆಗಿನ ಯುದ್ಧದ ನಂತರ ಪೋರ್ಟೊ ರಿಕೊ ಅಮೆರಿಕದ ಕೈಸೇರಿತು. 1917ರಲ್ಲಿ ಅಲ್ಲಿನವರಿಗೆ ಅಮೆರಿಕದ ಪೌರತ್ವ ಬಂತು. ಈ ಮೂರನ್ನು ಬೋರ್ಡಿನ ಮೇಲೆ ಬರೆಯದೆ ಮುಂದೆ ಹೋದರೆ ಇಡೀ ತರಗತಿ ‘ವಲಸೆ ಬಂದವರು’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಕಟ್ಟಿಹಾಕುತ್ತದೆ. ಗಡಿ ದಾಟಿ ಬಂದವರಿದ್ದಾರೆ, ಗಡಿಯೇ ತಮ್ಮನ್ನು ದಾಟಿಹೋದವರೂ ಇದ್ದಾರೆ. ಗುರುತಿನ ಹೆಸರುಗಳ ಬಗ್ಗೆ ಹತ್ತು ನಿಮಿಷ ಸಾಕು. ‘ಚಿಕಾನೊ’ ಎಂದರೆ ಮೆಕ್ಸಿಕನ್ ಮೂಲದ ಅಮೆರಿಕನ್. ಮುಂದಿನ ಪೀರಿಯಡ್‌ನಲ್ಲಿ ಬರುವ 1943ರ ಹುಡುಗರನ್ನು ‘ಚಿಕಾನೊ ಚಳವಳಿಗಾರರು’ ಎಂದು ಬರೆದ ಉತ್ತರಕ್ಕೆ ಅಂಕ ಕಳೆಯಿರಿ. ಆ ಹೆಸರನ್ನು ಯುವಕರು ಹೆಮ್ಮೆಯಿಂದ ಎದೆಗೆ ಅಂಟಿಸಿಕೊಂಡದ್ದು ಅರವತ್ತರ ದಶಕದಲ್ಲಿ.

ಎರಡನೆಯ ಪೀರಿಯಡ್ ಬಟ್ಟೆಯದ್ದು. ಹದಿಹರೆಯದವರಿಗೆ ಉಡುಪಿನ ರಾಜಕೀಯ ಬೇಗ ಅರ್ಥವಾಗುತ್ತದೆ. ಝೂಟ್ ಸೂಟ್ ತೊಟ್ಟ ಮೆಕ್ಸಿಕನ್ ಮೂಲದ ಯುವಕನ ಒಂದು ಫೋಟೊ ಕೊಟ್ಟು ಭಾಗಗಳನ್ನು ಹೆಸರಿಸಲು ಹೇಳಿ: ತೊಡೆಗಿಳಿಯುವ ಉದ್ದ ಕೋಟು, ಪ್ಯಾಡ್ ಹಾಕಿ ಅಗಲ ಮಾಡಿದ ಭುಜ, ಎದೆಯವರೆಗೆ ಏರಿಸಿದ ಪ್ಯಾಂಟು, ಕಣಕಾಲಿನಲ್ಲಿ ಬಿಗಿಯಾದ ತುದಿ, ಜೋತುಬಿದ್ದ ಗಡಿಯಾರದ ಸರಪಳಿ. ಆಮೇಲೆ 1942ರಲ್ಲಿ ಯುದ್ಧಕಾಲದ ಸರ್ಕಾರ ಉಣ್ಣೆ ಬಟ್ಟೆಯ ಬಳಕೆಗೆ ಮಿತಿ ಹಾಕಿತ್ತು ಎಂಬುದನ್ನು ತಿಳಿಸಿ. ಅಷ್ಟು ಬಟ್ಟೆ ತೊಟ್ಟವನು ದೇಶದ್ರೋಹಿ ಎನ್ನುವ ಮಾತು ಎಲ್ಲಿಂದ ಬಂತು ಎಂಬುದನ್ನು ಮಕ್ಕಳೇ ಹಿಡಿಯುತ್ತಾರೆ. 1943ರ ಜೂನ್ ಮೊದಲ ವಾರದಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾವಿಕರು ಟ್ಯಾಕ್ಸಿಗಳಲ್ಲಿ ಬಂದು ಈ ಹುಡುಗರನ್ನು ಹೊಡೆದು ಬಟ್ಟೆ ಕಿತ್ತರು. ಪೊಲೀಸರು ಹೆಚ್ಚಾಗಿ ಬಂಧಿಸಿದ್ದು ಹೊಡೆತ ತಿಂದವರನ್ನು. ಇದಕ್ಕೆ ಹಿಂದಿನ ‘ಸ್ಲೀಪಿ ಲಗೂನ್’ ಕೊಲೆ ಮೊಕದ್ದಮೆಯಲ್ಲಿ 17 ಯುವಕರಿಗೆ ಶಿಕ್ಷೆಯಾಗಿತ್ತು. 1944ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಇಲ್ಲೊಂದು ಎಚ್ಚರ: ಮಕ್ಕಳಿಗೆ ಆ ವೇಷ ಹಾಕಿಸಿ ಫ್ಯಾಷನ್ ಶೋ ಮಾಡಿಸಬೇಡಿ. ವೇಷ ಬಂದೊಡನೆ ಹೊಡೆತ ಮರೆತುಹೋಗುತ್ತದೆ.

ಮೂರು ಮತ್ತು ನಾಲ್ಕನೆಯ ಪೀರಿಯಡ್ ಈ ಪಾಠದ ಬೆನ್ನೆಲುಬು. 1968ರ ಮಾರ್ಚ್ ತಿಂಗಳಲ್ಲಿ ಈಸ್ಟ್ ಲಾಸ್ ಏಂಜಲೀಸ್ ಮತ್ತು ಸುತ್ತಲಿನ ವಿಲ್ಸನ್, ಗಾರ್‌ಫೀಲ್ಡ್, ರೂಸ್‌ವೆಲ್ಟ್, ಲಿಂಕನ್, ಬೆಲ್ಮಾಂಟ್ ಹೈಸ್ಕೂಲುಗಳ ಸಾವಿರಾರು ವಿದ್ಯಾರ್ಥಿಗಳು, ಹೆಚ್ಚಿನವರು ಮೆಕ್ಸಿಕನ್ ಮೂಲದವರು, ತರಗತಿ ಬಿಟ್ಟು ಬೀದಿಗೆ ಬಂದರು. ಎಷ್ಟು ಸಾವಿರ? ಹತ್ತು ಎನ್ನುವವರಿದ್ದಾರೆ, ಇಪ್ಪತ್ತು ದಾಟಿತ್ತು ಎನ್ನುವವರಿದ್ದಾರೆ. ಅವರು ಶಿಕ್ಷಣ ಮಂಡಳಿಯ ಮುಂದಿಟ್ಟ ಬೇಡಿಕೆಗಳ ಸಂಖ್ಯೆಯೂ ಕೆಲವು ಆಕರಗಳಲ್ಲಿ 36, ಕೆಲವದರಲ್ಲಿ 39. ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ. ಎಣಿಸಿದವರು ಯಾರು, ಯಾವ ದಿನದ ಲೆಕ್ಕ, ಯಾವ ಶಾಲೆಗಳು ಸೇರಿವೆ ಎಂದು ಕೇಳಿಸಿದರೆ ಇತಿಹಾಸಕಾರರ ಕೆಲಸ ಏನೆಂಬುದು ಅಲ್ಲೇ ತಿಳಿಯುತ್ತದೆ.

ಪಟ್ಟಿಯಿಂದ ಹನ್ನೆರಡು ಬೇಡಿಕೆ ಆರಿಸಿ ಬೇರೆಬೇರೆ ಚೀಟಿಯಲ್ಲಿ ಬರೆಯಿರಿ. ಎರಡು ಭಾಷೆಯಲ್ಲಿ ಶಿಕ್ಷಣ, ಮೆಕ್ಸಿಕನ್ನರ ಕೊಡುಗೆ ಕಾಣುವ ಪಠ್ಯಪುಸ್ತಕ, ಪೂರ್ವಗ್ರಹ ತೋರುವ ಶಿಕ್ಷಕರ ವರ್ಗಾವಣೆ, ಶಿಕ್ಷೆಯಾಗಿ ಕಸ ಗುಡಿಸುವ ಕೆಲಸ ನಿಲ್ಲಿಸುವುದು, ಉಡುಪಿನ ನಿಯಮ ಸಡಿಲಿಸುವುದು, ಶೌಚಾಲಯಕ್ಕೆ ಬೀಗ ಹಾಕದಿರುವುದು ಇವು ಇರಲೇಬೇಕು. ದೊಡ್ಡ ಮಾತುಗಳನ್ನಷ್ಟೇ ಆರಿಸುವ ಚಪಲ ಶಿಕ್ಷಕರಿಗೆ ಇರುತ್ತದೆ, ಆದರೆ ಶೌಚಾಲಯದ ಚೀಟಿಯೇ ತರಗತಿಯನ್ನು ಎಚ್ಚರಿಸುವುದು. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಮೂರು ರಾಶಿ ಹಾಕಲು ಹೇಳಿ: ಮುಖ್ಯೋಪಾಧ್ಯಾಯರು ನಾಳೆಯೇ ಮಾಡಬಹುದಾದದ್ದು, ಶಿಕ್ಷಣ ಮಂಡಳಿ ಹಣ ಕೊಟ್ಟರೆ ಆಗುವಂಥದ್ದು, ಕಾನೂನೇ ಬದಲಾಗಬೇಕಾದದ್ದು. ಇಪ್ಪತ್ತು ನಿಮಿಷ ಕೊಡಿ, ಕಡಿಮೆ ಕೊಟ್ಟರೆ ಎಲ್ಲವೂ ಮೂರನೆಯ ರಾಶಿಗೆ ಬೀಳುತ್ತದೆ. ಮೊದಲ ರಾಶಿ ದೊಡ್ಡದಾದಷ್ಟೂ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಇಷ್ಟು ಸುಲಭವಿದ್ದರೆ ಇಷ್ಟು ವರ್ಷ ಏಕೆ ಮಾಡಲಿಲ್ಲ? ಬೇಡಿಕೆಗಳ ಮುಂದೆ ಶಿಕ್ಷಣ ಮಂಡಳಿ ಹಣವಿಲ್ಲ ಎಂದದ್ದನ್ನು ಈ ಹಂತದಲ್ಲಿ ಹೇಳಿ, ಮುಂಚೆ ಬೇಡ.

ಹಣದ ಲೆಕ್ಕವನ್ನೂ ಮಾಡಿಸಬೇಕು. ಶಾಲೆಗಳಿಗೆ ಅನುದಾನ ಬರುತ್ತಿದ್ದುದು ದಿನದ ಹಾಜರಾತಿಯ ಮೇಲೆ. ಮಗುವೊಂದಕ್ಕೆ ದಿನಕ್ಕೆ ಎರಡು ಡಾಲರ್ ಎಂದು ಸುಮ್ಮನೆ ಇಟ್ಟುಕೊಂಡು, ಎರಡು ಸಾವಿರ ಮಕ್ಕಳು ಮೂರು ದಿನ ಹೊರಗಿದ್ದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಲಿ. ಬಾಲಿಶ ಗಲಾಟೆ ಎಂದುಕೊಂಡದ್ದು ಯೋಚಿಸಿ ಹೂಡಿದ ತಂತ್ರ ಎಂದು ಆಗ ಗೊತ್ತಾಗುತ್ತದೆ. ಅದರ ಹಿಂದೆ ತಿಂಗಳುಗಳ ತಯಾರಿಯಿತ್ತು. ಲಿಂಕನ್ ಶಾಲೆಯ ಶಿಕ್ಷಕ ಸಾಲ್ ಕ್ಯಾಸ್ಟ್ರೊ, ಅದೇ ಶಾಲೆಯ ವಿದ್ಯಾರ್ಥಿನಿ ಪೌಲಾ ಕ್ರಿಸೊಸ್ಟೊಮೊ, ಕಾಲೇಜು ವಿದ್ಯಾರ್ಥಿಗಳು, ‘ಲಾ ರಾಸಾ’ ಪತ್ರಿಕೆಯವರು, ಬ್ರೌನ್ ಬೆರೆಟ್ಸ್ ಎಂಬ ಚಿಕಾನೊ ಸಂಘಟನೆಯ ಯುವಕರು ಎಲ್ಲರ ಪಾಲೂ ಅದರಲ್ಲಿದೆ.

ತೆತ್ತ ಬೆಲೆಯನ್ನು ಹೇಳದೆ ಬಿಡುವುದು ಈ ಪಾಠದ ದೊಡ್ಡ ಅಪ್ರಾಮಾಣಿಕತೆ. ಪೊಲೀಸರ ಲಾಠಿಗೆ ಹುಡುಗರು ಸಿಕ್ಕಿದರು. ಮೂರು ತಿಂಗಳೊಳಗೆ 13 ಮಂದಿಯ ಮೇಲೆ ಒಳಸಂಚಿನ ಆರೋಪ ಬಂತು. ಶಾಂತಿಭಂಗ ಸಣ್ಣ ಅಪರಾಧ, ಅದಕ್ಕೆ ಒಳಸಂಚು ಸೇರಿಸಿದರೆ ಗುರುತರ ಅಪರಾಧ. ಈ ತಿರುವನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಕ್ಯಾಸ್ಟ್ರೊ ತರಗತಿಯಿಂದ ಹೊರಬಿದ್ದರು. ಅವರನ್ನು ಮರಳಿ ನೇಮಿಸಬೇಕೆಂದು ಶಿಕ್ಷಣ ಮಂಡಳಿಯ ಕಚೇರಿಯಲ್ಲೇ ಹಗಲಿರುಳು ಧರಣಿ ನಡೆದು, 35 ಮಂದಿ ಬಂಧಿತರಾದ ಮೇಲೆ ಅವರು ಮರಳಿದರು. ಆ 13 ಮಂದಿಯ ಮೇಲಿನ ಆರೋಪ 1970ರಲ್ಲಿ ಬಿದ್ದುಹೋಯಿತು. ಹದಿಮೂರೂ ಮಂದಿ ಗಂಡಸರು. ಸಂಘಟನೆಯಲ್ಲಿ ಹುಡುಗಿಯರು ಅಷ್ಟು ಜನ ಇದ್ದರೂ ಪಟ್ಟಿಯಲ್ಲಿ ಒಬ್ಬಳೂ ಏಕಿಲ್ಲ ಎಂದು ಕೇಳಿ ನೋಡಿ. ಹುಡುಗಿಯರು ವಿಚಾರಣೆಗೆ ಸಿಲುಕಲಿಲ್ಲ, ಹಾಗಾಗಿ ಬಹುಕಾಲ ಇತಿಹಾಸಕ್ಕೂ ಸಿಕ್ಕಲಿಲ್ಲ.

ಫೋಟೊ ಬೇಕಿದ್ದರೆ ‘ಲಾ ರಾಸಾ’ ಛಾಯಾಗ್ರಾಹಕರ ಸಾವಿರಾರು ಚಿತ್ರಗಳು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಿಕಾನೊ ಅಧ್ಯಯನ ಕೇಂದ್ರದಲ್ಲಿವೆ. ಗುಂಪಿಗೆ ಒಂದೇ ಚಿತ್ರ ಕೊಡಿ. ಹತ್ತು ಕೊಟ್ಟರೆ ಯಾವುದನ್ನೂ ನೋಡುವುದಿಲ್ಲ.

ಐದನೆಯ ಪೀರಿಯಡ್‌ನಲ್ಲಿ ಲಾಸ್ ಏಂಜಲೀಸ್ ಬಿಟ್ಟು ಹೊರಗೆ ಹೋಗಬೇಕು, ಇಲ್ಲವಾದರೆ ಎಲ್ಲ ಲ್ಯಾಟಿನೊಗಳೂ ಮೆಕ್ಸಿಕನ್ನರೇ ಎಂಬ ಭ್ರಮೆ ಉಳಿಯುತ್ತದೆ. ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಶಾಲೆಯ ಬಹುಪಾಲು ಮಕ್ಕಳು ಮೆಕ್ಸಿಕನ್ ಮೂಲದವರು, ಆದರೆ ಚಿಯರ್‌ಲೀಡರ್ ತಂಡದ ನಾಲ್ವರಲ್ಲಿ ಅವರ ಪಾಲು ಒಂದು. ಸೆವೆರಿಟಾ ಲಾರಾ ಮತ್ತು ಗೆಳೆಯರು 1969ರ ಡಿಸೆಂಬರಿನಲ್ಲಿ ತರಗತಿ ಬಹಿಷ್ಕರಿಸಿದರು. 1970ರ ವಸಂತದಲ್ಲಿ ಅದೇ ಊರಿನ ಶಾಲಾ ಮಂಡಳಿಯ ಚುನಾವಣೆಯನ್ನು ಮೆಕ್ಸಿಕನ್ ಅಮೆರಿಕನ್ನರ ಲಾ ರಾಸಾ ಉನೀದಾ ಪಕ್ಷ ಗೆದ್ದಿತು.

ಉಳಿದ ಸಮಯ ನ್ಯೂಯಾರ್ಕಿನ ಪೋರ್ಟೊ ರಿಕನ್ ಯುವಕರ ‘ಯಂಗ್ ಲಾರ್ಡ್ಸ್’ಗೆ ಕೊಡಿ. 1969ರ ಬೇಸಿಗೆಯಲ್ಲಿ ಈಸ್ಟ್ ಹಾರ್ಲೆಮ್‌ನ ಬೀದಿ ಗುಡಿಸಿ, ನಗರಸಭೆ ಎತ್ತದ ಕಸವನ್ನು ದೊಡ್ಡ ರಸ್ತೆಗೆ ಅಡ್ಡ ಸುರಿದವರು ಇವರು. 1970ರ ಜುಲೈನಲ್ಲಿ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯನ್ನು ಆಕ್ರಮಿಸಿದವರೂ ಇವರೇ. ತರಗತಿಗೆ ಬೇಕಾದ್ದು ಇವರ 13 ಅಂಶಗಳ ಕಾರ್ಯಕ್ರಮದ ಎರಡು ಆವೃತ್ತಿ. 1969ರದ್ದು ಸ್ತ್ರೀಸಮಾನತೆ ಬೇಕು ಎನ್ನುತ್ತಲೇ ಗಂಡಸುತನ ಕ್ರಾಂತಿಕಾರಿಯಾಗಿರಬೇಕು ಎನ್ನುತ್ತದೆ. ಸಂಘಟನೆಯ ಹೆಣ್ಣುಮಕ್ಕಳು ಜಗಳ ಕಾಯ್ದ ಮೇಲೆ 1970ರ ಆವೃತ್ತಿಯಲ್ಲಿ ಆ ಗಂಡಸುತನಕ್ಕೇ ಧಿಕ್ಕಾರ, ಜತೆಗೆ ಆ ಅಂಶ ಹತ್ತರಿಂದ ಐದನೆಯ ಸ್ಥಾನಕ್ಕೆ ಏರಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬದಲಾದ ಸಾಲಿನ ಕೆಳಗೆ ಗೆರೆ ಎಳೆಸಿ. ಒಂದು ಪುಟದ ಈ ಕಾಗದ ಮಾಡುವ ಕೆಲಸವನ್ನು ಎರಡು ಗಂಟೆಯ ಸಾಕ್ಷ್ಯಚಿತ್ರ ಮಾಡುವುದಿಲ್ಲ.

ಕೊನೆಯ ಪೀರಿಯಡ್ ನಮ್ಮವರ ಮನೆಯನ್ನೂ ಮುಟ್ಟುತ್ತದೆ. ದಾಖಲೆಯಿಲ್ಲದ ಮಕ್ಕಳನ್ನೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ, ಟೆಕ್ಸಾಸ್‌ನ ಟೈಲರ್ ಊರಿನ ಪ್ರಕರಣದಲ್ಲಿ ಹೇಳಿತು. 1994ರಲ್ಲಿ, ದಾಖಲೆಯಿಲ್ಲದವರಿಗೆ ಶಾಲೆ ಮತ್ತಿತರ ಸರ್ಕಾರಿ ಸೇವೆ ನಿರಾಕರಿಸುವ ಕ್ಯಾಲಿಫೋರ್ನಿಯಾದ 187ನೇ ಪ್ರಸ್ತಾವದ ವಿರುದ್ಧ, 2006ರಲ್ಲಿ ಕಠಿಣ ವಲಸೆ ಮಸೂದೆಯ ವಿರುದ್ಧ ಮತ್ತೆ ಹೈಸ್ಕೂಲು ಮಕ್ಕಳು ಹೊರಬಂದರು. ಬಾಲ್ಯದಲ್ಲಿ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಡುವ ‘ಡಾಕಾ’ 2012ರ ಜೂನ್ 15ರಂದು ಘೋಷಣೆಯಾಯಿತು. ಅದರ ಷರತ್ತುಗಳಲ್ಲಿ ಒಂದು, ಆ ದಿನ ಅರ್ಜಿದಾರರಿಗೆ ಕಾನೂನುಬದ್ಧ ವಾಸ್ತವ್ಯ ಇರಬಾರದು. ಹಾಗಾಗಿ ಎಚ್1ಬಿ ಪೋಷಕರ ಜತೆ ಸಕ್ರಮವಾಗಿ ಬಂದು ಎಚ್4 ವೀಸಾದಲ್ಲಿ ಬೆಳೆದ ಮಕ್ಕಳು ಇದರಿಂದ ಹೊರಗೇ ಉಳಿದರು. ಗ್ರೀನ್ ಕಾರ್ಡ್ ಸಾಲು ಮುಗಿಯುವ ಮೊದಲೇ 21 ತುಂಬಿದರೆ ಪೋಷಕರ ವೀಸಾದ ಆಸರೆ ತಪ್ಪುತ್ತದೆ. ಫ್ರೀಮಾಂಟ್, ಸನಿವೇಲ್‌ಗಳ ಕನ್ನಡದ ಮನೆಗಳಲ್ಲಿ ಇದು ಊಟದ ಹೊತ್ತಿನ ಮಾತು. ‘ಬೇರೆಯವರ ಇತಿಹಾಸ’ ಎನ್ನುವ ಪೋಷಕರು ಈ ಒಂದು ಷರತ್ತನ್ನು ಮಕ್ಕಳೊಡನೆ ಕೂತು ಓದಲಿ.

ಅಲ್ಲಿನ ಶಿಕ್ಷಕರಿಗೂ, ಕನ್ನಡ ಕೂಟಗಳ ವಾರಾಂತ್ಯ ತರಗತಿ ನಡೆಸುವವರಿಗೂ ಒಂದು ಮಾತು: ಯಾವ ಮಗುವಿನ ವೀಸಾ ಸ್ಥಿತಿಯನ್ನೂ ತರಗತಿಯಲ್ಲಿ ಕೇಳಬೇಡಿ, ‘ನಿಮ್ಮ ಮನೆಯ ವಲಸೆ ಕಥೆ ಬರೆ’ ಎಂಬ ಮನೆಕೆಲಸವನ್ನು ಕಡ್ಡಾಯ ಮಾಡಬೇಡಿ. ಲ್ಯಾಟಿನೊ ಮಗು ಒಂದೇ ಇರುವ ತರಗತಿಯಲ್ಲಿ ಅದನ್ನೇ ನೋಡುತ್ತಾ ಪಾಠ ಮಾಡುವುದೂ ಬೇಡ. ಪಾಠದ ಮೇಲೆ ಆಕ್ಷೇಪ ಬಂದರೆ ಅದನ್ನೂ ಪಾಠ ಮಾಡಬಹುದು. ಅರಿಜೋನಾ 2010ರಲ್ಲಿ ಕಾಯ್ದೆ ತಂದು ಟೂಸಾನ್ ಶಾಲೆಗಳ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು ನಿಲ್ಲಿಸಿತು. ಅದರ ಹಿಂದೆ ಜನಾಂಗೀಯ ದ್ವೇಷವಿತ್ತೆಂದು 2017ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು.

ಪರೀಕ್ಷೆಗೆ ಪೋಸ್ಟರ್, ಘೋಷಣೆ ಬೇಡ. ಅದರಲ್ಲಿ ಯಾರು ಓದಿದ್ದಾರೆ, ಯಾರಿಗೆ ಚಿತ್ರ ಬಿಡಿಸಲು ಬರುತ್ತದೆ ಎಂದು ಬೇರ್ಪಡಿಸಲಾಗದು. ಎರಡು ಪುಟದ ಉತ್ತರ ಬರೆಸಿ: 1968ರ ಒಂದು ಬೇಡಿಕೆ ಆರಿಸಿ, ಅದನ್ನು ಯಾರು ಈಡೇರಿಸಬಹುದಿತ್ತು, ಏಕೆ ಈಡೇರಿಸಲಿಲ್ಲ, ಕನಿಷ್ಠ ಎರಡು ಆಕರ ಎಲ್ಲಿ ಒಪ್ಪುವುದಿಲ್ಲ. ‘ಯುವಕರು ಧೈರ್ಯಶಾಲಿಗಳು’ ಎಂದು ಮುಗಿಸಿದ ಉತ್ತರಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚು ಕೊಡುವ ಅಗತ್ಯವಿಲ್ಲ. ಎರಡನೆಯ ಬಾರಿ ಬರೆಯಲು ಅವಕಾಶ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಇತಿಹಾಸ ಬೋಧಕರು, ಬೆಂಗಳೂರು ಮತ್ತು ಫ್ರೀಮಾಂಟ್