ಬೆಂಕಿಯಿಲ್ಲದ ಒಲೆ

ಟಾರ್ನೀಟ್, ಮೆಲ್ಬೋರ್ನ್
ಡಿಸೆಂಬರ್ 12, ರಾತ್ರಿ

ಪುಟ್ಟಿ,

ಅಜ್ಜಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯ್ತು ಅಂತ ಕೇಳಿ ಸಮಾಧಾನ ಆಯಿತು. ಡ್ರಾಪ್ಸ್ ಟೈಮಿಗೆ ಸರಿಯಾಗಿ ಹಾಕು. ಫೋನಿನಲ್ಲಿ ಎಲ್ಲಾ ಹೇಳೋಕಾಗಲ್ಲ, ಅಜ್ಜಿ ಪಕ್ಕದಲ್ಲೇ ಇರ್ತಾರೆ. ಅದಕ್ಕೇ ಈ ಪತ್ರ. ಓದಿ ನಿನ್ನಲ್ಲೇ ಇಟ್ಕೋ.

ಮನೆ ಹೆಚ್ಚು ಕಮ್ಮಿ ಮುಗಿದಿದೆ. ಈ 'ಹೆಚ್ಚು ಕಮ್ಮಿ'ಯಲ್ಲೇ ನಮ್ಮ ಪ್ರಾಣ ಹೋಗ್ತಾ ಇದೆ. ನವೆಂಬರ್ ಕೊನೆಗೆ ಕೀಲಿ ಅಂದಿದ್ದರು. ಅದನ್ನೇ ನಂಬಿ ಅಪ್ಪ ಬಾಡಿಗೆ ಮನೆಗೆ 28 ದಿನದ ನೋಟಿಸ್ ಕೊಟ್ಟುಬಿಟ್ಟರು. 22ಕ್ಕೆ ಇಲ್ಲಿಂದ ಹೊರಡಲೇಬೇಕು. ಕೀಲಿ ಈಗ 19ಕ್ಕಂತೆ. ಅದೂ ತಪ್ಪಿದರೆ ಕ್ರಿಸ್‌ಮಸ್ ರಜೆ, ಜನವರಿ ಎರಡನೇ ವಾರದವರೆಗೂ ಸೈಟಿನಲ್ಲಿ ಒಂದು ನರಪಿಳ್ಳೆ ಇರಲ್ಲ. ಇತ್ತ 16ಕ್ಕೆ ಧನುರ್ಮಾಸ ಶುರು, ಸಂಕ್ರಾಂತಿವರೆಗೆ ಗೃಹಪ್ರವೇಶ ಮಾಡೋ ಹಾಗಿಲ್ಲ. ಬಿಲ್ಡರ್‌ಗೆ ಅವನ ಹಬ್ಬ, ನಮಗೆ ನಮ್ಮ ಪಂಚಾಂಗ. ಮಧ್ಯದಲ್ಲಿ ನಾವು ಅರವತ್ತು ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದೇವೆ.

ಮೊನ್ನೆ ಕೊನೆಯ ತಪಾಸಣೆ ಇತ್ತು. ನಾವೇ ದುಡ್ಡು ಕೊಟ್ಟು ಕರೆಸಿದ ಇನ್‌ಸ್ಪೆಕ್ಟರ್ ಗೋಡೆಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡ್ತಾರೆ. ಎದುರಿನಿಂದ ನುಣ್ಣಗೆ ಕಾಣೋ ಗೋಡೆಯಲ್ಲಿ ಆಗ ಉಬ್ಬು ತಗ್ಗೆಲ್ಲ ಎದ್ದು ಬರುತ್ತೆ. ತಪ್ಪು ಕಂಡಲ್ಲೆಲ್ಲ ಒಂದೊಂದು ತುಂಡು ನೀಲಿ ಟೇಪ್. ಮುಗಿಯೋ ಹೊತ್ತಿಗೆ 43 ತುಂಡು. ಮನೆಗೆ ಸಿಡುಬು ಎದ್ದ ಹಾಗಿತ್ತು! ನಿನ್ನ ರೂಮಿನ ವಾರ್ಡ್‌ರೋಬ್ ಬಾಗಿಲು ಗೋಡೆಗೆ ಬಡಿಯುತ್ತೆ, ಅದಕ್ಕೂ ಅಂಟಿಸಿದ್ದೇವೆ. ಎಲ್ಲಾ ಸರಿಮಾಡಿಸಿಕೊಂಡು, ಮನೆಯಲ್ಲಿ ವಾಸಕ್ಕೆ ಅನುಮತಿ ಕೊಡೋ ಆಕ್ಯುಪೆನ್ಸಿ ಪರ್ಮಿಟ್ ಕೈಗೆ ಬಂದ ಮೇಲೇ ಕೊನೆಯ ಹತ್ತು ಪರ್ಸೆಂಟ್ ಕೊಡಬೇಕು ಅಂತ ಅಪ್ಪ ಗಟ್ಟಿಯಾಗಿ ಕೂತಿದ್ದಾರೆ. ಈ ಒಂದು ವಿಷಯದಲ್ಲಿ ಕಾನೂನೂ ಅವರ ಕಡೆಗಿದೆ, ನಾನೂ ಅವರ ಕಡೆಗೇ.

ಇನ್ನು ಅಸಲು ವಿಷಯ. ಪುರೋಹಿತರಿಗೆ ಫೋನ್ ಮಾಡಿದ್ದೆ. ಹೋಮ ಸಂಕ್ರಾಂತಿ ಆದ ಮೇಲೆ, ನೀನು ಬಂದಾಗಲೇ ಮಾಡೋಣ, ಈಗ ದೇವರ ಫೋಟೋ ಇಟ್ಟು, ದೀಪ ಹಚ್ಚಿ, ಹಾಲು ಉಕ್ಕಿಸಿ ಇರೋಕೆ ಶುರುಮಾಡಿ ಅಂದರು. ಸರಿ ಅಂತ ಪೆಟ್ಟಿಗೆಯಿಂದ ಅಜ್ಜಿಯ ಹಿತ್ತಾಳೆ ಪಾತ್ರೆ ತೆಗೆದೆ. ನಾವು ಈ ದೇಶಕ್ಕೆ ಹೊರಟಾಗ ಅವರು ಕಲಾಯಿ ಮಾಡಿಸಿ, "ಸ್ವಂತ ಮನೆ ಆದಾಗ ಇದರಲ್ಲೇ ಹಾಲು ಉಕ್ಕಿಸು" ಅಂತ ಸೂಟ್‌ಕೇಸಿಗೆ ತುರುಕಿದ್ದರು. ಹದಿನಾಲ್ಕು ವರ್ಷದಲ್ಲಿ ಐದು ಬಾಡಿಗೆ ಮನೆ ಸುತ್ತಿದೆ ಅದು. ಒಂದು ದಿನವೂ ಒಲೆಯ ಮೇಲೆ ಏರಿಲ್ಲ.

ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಇದ್ದೆ. ಥಟ್ಟನೆ ನೆನಪಾಯಿತು. ಹೊಸ ಮನೆಗೆ ಗ್ಯಾಸೇ ಇಲ್ಲವಲ್ಲ! ವಿಕ್ಟೋರಿಯಾದಲ್ಲಿ 2024ರಿಂದ ಹೊಸ ಬಡಾವಣೆಗಳ ಮನೆಗಳಿಗೆ ಗ್ಯಾಸ್ ಲೈನ್ ಕೊಡ್ತಿಲ್ಲ, ಎಲ್ಲಾ ಕರೆಂಟಿನದೇ. ನಮ್ಮದು ಇಂಡಕ್ಷನ್ ಒಲೆ, ಮ್ಯಾಗ್ನೆಟ್ ಅಂಟೋ ಪಾತ್ರೆ ಮಾತ್ರ ಅದರ ಮೇಲೆ ಬಿಸಿಯಾಗುತ್ತೆ. ಫ್ರಿಜ್ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಿತ್ತು ಪಾತ್ರೆಯ ತಳಕ್ಕೆ ಒತ್ತಿದೆ. ಟಣ್ ಅಂತ ಸಿಂಕಿಗೆ ಬಿತ್ತು. ಇನ್ನೊಮ್ಮೆ ಒತ್ತಿದೆ. ಮತ್ತೆ ಬಿತ್ತು. ಮೂರನೇ ಸಲ ಯಾಕೆ ಒತ್ತಿದೆನೋ, ಗೊತ್ತಿಲ್ಲ.

ಅಪ್ಪ ಅವತ್ತೇ ಹೋಗಿ ಕ್ಯಾಂಪಿಂಗ್ ಸ್ಟೌ ತಂದರು. ಮನೆ ಒಳಗೆ ಅದನ್ನು ಹಚ್ಚಬಾರದು ಅಂತ ಡಬ್ಬದ ಮೇಲೇ ಬರೆದಿದೆ. ಹಿತ್ತಿಲಿನಲ್ಲಿ ಹಚ್ಚೋಣ ಅಂದ್ರೆ ಈ ಬಯಲಿನ ಗಾಳಿ ಗೊತ್ತಲ್ಲ, ಎರಡು ನಿಮಿಷಕ್ಕೊಂದು ಸಲ ಆರುತ್ತೆ. ಸ್ವಂತ ಮನೆ ಕಟ್ಟಿಸಿ ಹಾಲು ಉಕ್ಕಿಸೋಕೆ ಬೇಲಿ ಪಕ್ಕ ಕುಕ್ಕರುಗಾಲಲ್ಲಿ ಕೂರೋದಾ? ನನಗೆ ಒಪ್ಪಿಗೆ ಆಗಲಿಲ್ಲ. ಅಡುಗೆಮನೆಯಲ್ಲೇ, ಇಂಡಕ್ಷನ್ ಮೇಲೆ, ಸ್ಟೀಲ್ ಪಾತ್ರೆಯಲ್ಲಿ ಉಕ್ಕಿಸ್ತೀನಿ. ಪಕ್ಕದಲ್ಲಿ ದೀಪ ಇರುತ್ತೆ, ಅಗ್ನಿ ಅಂದ್ರೆ ಅದೇ. ಉಕ್ಕಿದ ಹಾಲನ್ನು ಅಜ್ಜಿ ಪಾತ್ರೆಗೆ ಬಗ್ಗಿಸಿ ದೇವರ ಮುಂದೆ ಇಡ್ತೀನಿ.

ಅಜ್ಜಿಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ. ಬೆಂಕಿಯೇ ಇಲ್ಲದ ಒಲೆ ಅಂದ್ರೆ ರಾತ್ರಿಯೆಲ್ಲಾ ನಿದ್ದೆ ಮಾಡಲ್ಲ ಅವರು. ಆಪರೇಷನ್ ಆದ ಕಣ್ಣು ಬೇರೆ.

20ನೇ ತಾರೀಖು, ಶನಿವಾರ, ಇಲ್ಲಿಯ ಬೆಳಿಗ್ಗೆ 11ಕ್ಕೆ ವಿಡಿಯೋ ಕಾಲ್ ಮಾಡ್ತೀನಿ. ಅಲ್ಲಿ ಐದೂವರೆ, ಅಜ್ಜಿ ಎದ್ದಿರ್ತಾರೆ. ನೀನೇ ಫೋನ್ ಹಿಡ್ಕೋ. ಮೊದಲು ದೀಪ ತೋರಿಸ್ತೀನಿ, ಆಮೇಲೆ ಉಕ್ಕೋ ಹಾಲು, ಆಮೇಲೆ ಹಿತ್ತಾಳೆ ಪಾತ್ರೆ. ನಡುವೆ ಅಜ್ಜಿ "ಒಲೆ ತೋರಿಸೇ" ಅಂತ ಅಂದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಫೋನ್ ಸ್ವಲ್ಪ ಅಲ್ಲಾಡಿಸು.

ನಿನ್ನ
ಅಮ್ಮ